ಚೀಲದ ತೂಕಕ್ಕೆ ನಾಲ್ಕೇ ಬೈಟ್ ಸಾಕು: ಮೊಬೈಲ್ ಆ್ಯಪ್‌ನಲ್ಲಿ ಪ್ರಿಮಿಟಿವ್ ಮತ್ತು ಆಬ್ಜೆಕ್ಟ್‌ಗಳ ಮೆಮೊರಿ ನಿರ್ವಹಣೆ

ಪ್ರಿಮಿಟಿವ್‌ಗಳು ಸ್ಟ್ಯಾಕ್‌ನಲ್ಲಿ, ಆಬ್ಜೆಕ್ಟ್‌ಗಳು ಹೀಪ್‌ನಲ್ಲಿ ಎಂಬುದು ಪ್ರೋಗ್ರಾಮಿಂಗ್ ತರಗತಿಗಳಲ್ಲಿ ಬಾಯಿಪಾಠವಾಗುವ ಮಾತು (ಪ್ರಿಮಿಟಿವ್ ಎಂದರೆ ಇಂಟ್, ಫ್ಲೋಟ್‌ನಂಥ ಬಿಡಿ ಮೌಲ್ಯ, ಆಬ್ಜೆಕ್ಟ್ ಎಂದರೆ ಮೌಲ್ಯಗಳನ್ನು ಒಳಗೆ ಹಿಡಿದಿಡುವ ಕಟ್ಟು; ಸ್ಟ್ಯಾಕ್ ಎಂದರೆ ಫಂಕ್ಷನ್ ನಡೆಯುವಷ್ಟು ಹೊತ್ತು ಬಳಕೆಯಾಗುವ ಮೆಮೊರಿ, ಹೀಪ್ ಎಂದರೆ ಆಮೇಲೂ ಉಳಿಯಬಲ್ಲ ಮೆಮೊರಿ). ಪರೀಕ್ಷೆಯಲ್ಲಿ ಎರಡು ಅಂಕ ಗಿಟ್ಟಿಸಲು ಅದು ಸಾಕು, ಆ್ಯಪ್ ಬರೆಯಲು ಸಾಲದು. ಒಂದು ಸಂಖ್ಯೆ ಎಲ್ಲಿರುತ್ತದೆ, ಎಷ್ಟು ಜಾಗ ಹಿಡಿಯುತ್ತದೆ, ಯಾವಾಗ ತೆರವಾಗುತ್ತದೆ ಎಂಬುದನ್ನು ಅದರ ಟೈಪ್ ಒಂದೇ ತೀರ್ಮಾನಿಸುವುದಿಲ್ಲ. ಅದನ್ನು ಎಲ್ಲಿ ಘೋಷಿಸಿದ್ದೇವೆ, ಯಾವುದರೊಳಗೆ ತುಂಬಿದ್ದೇವೆ ಎಂಬುದೂ ಅಷ್ಟೇ ಮುಖ್ಯ. ಈ ಲೇಖನ ಮುಖ್ಯವಾಗಿ ಆಂಡ್ರಾಯ್ಡ್‌ನಲ್ಲಿ ಕೋಟ್ಲಿನ್ ಅಥವಾ ಜಾವಾ ಬಳಸುವವರಿಗಾಗಿ ಇದೆ. ಐಫೋನ್‌ನ ಸ್ವಿಫ್ಟ್ ಬಗ್ಗೆ ಕೊನೆಯ ಹೆಜ್ಜೆಗೆ ಮೊದಲು ಸ್ವಲ್ಪ ಹೇಳಲಾಗಿದೆ.

ಉದಾಹರಣೆಗೆ, ಗಂಗಾವತಿಯ ಗಂಜ್‌ನಲ್ಲಿರುವ ಒಂದು ದಲಾಲಿ ಅಂಗಡಿಗೆ ಭತ್ತದ ತೂಕ ದಾಖಲಿಸುವ ಆ್ಯಪ್ ಮಾಡುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಹಮಾಲರು ಚೀಲವನ್ನು ಕಾಟಾದ ಮೇಲಿಟ್ಟಾಗಲೆಲ್ಲ ಗುಮಾಸ್ತರ ಫೋನಿನಲ್ಲಿ ಒಂದು ನಮೂದು ಬೀಳಬೇಕು: ಕ್ರಮಸಂಖ್ಯೆ, ಊರಿನ ಸಂಖ್ಯೆ, ತೂಕ ಮತ್ತು ತೇವಾಂಶ. ಒಂದು ಹಂಗಾಮಿಗೆ ಒಂದು ಲಕ್ಷ ಚೀಲ ಎಂದು ಲೆಕ್ಕ ಹಿಡಿಯೋಣ. ಗುಮಾಸ್ತರ ಕೈಯಲ್ಲಿರುವುದು ಕಡಿಮೆ ರ್‍ಯಾಮ್‌ನ ಸಾಧಾರಣ ಫೋನ್ ಎಂಬುದನ್ನೂ ಮರೆಯುವುದು ಬೇಡ.

ಹೆಜ್ಜೆ 1: ಪ್ರತಿ ಮೌಲ್ಯ ಎಲ್ಲಿರುತ್ತದೆ ಎಂದು ಗುರುತಿಸಿ

ನಿಮ್ಮ ಕೋಡ್‌ನ ಒಂದು ಫೈಲ್ ತೆರೆದು, ಅದರಲ್ಲಿರುವ ಪ್ರತಿಯೊಂದು ವೇರಿಯಬಲ್ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ ಎಂದು ನೋಡಿ.

ಫಂಕ್ಷನ್‌ನ ಒಳಗೆ ಘೋಷಿಸಿದ ಇಂಟ್, ಲಾಂಗ್, ಫ್ಲೋಟ್, ಬೂಲಿಯನ್‌ಗಳು ಆ ಫಂಕ್ಷನ್‌ನ ಸ್ಟ್ಯಾಕ್ ಫ್ರೇಮ್‌ನಲ್ಲಿ ಅಥವಾ ನೇರವಾಗಿ ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿ ಇರುತ್ತವೆ. ಫಂಕ್ಷನ್ ಮುಗಿದೊಡನೆ ಆ ಜಾಗ ತಾನೇ ತೆರವಾಗುತ್ತದೆ. ಇವುಗಳ ವಿಷಯದಲ್ಲಿ, ಬೇಡವಾದ ಆಬ್ಜೆಕ್ಟ್‌ಗಳನ್ನು ತಾನೇ ತೆರವುಗೊಳಿಸುವ ಗಾರ್ಬೇಜ್ ಕಲೆಕ್ಟರ್‌ಗೆ ಮಾಡಲು ಕೆಲಸವೇ ಇಲ್ಲ, ಆದ್ದರಿಂದ ನಿಮಗೂ ಇಲ್ಲ. ಬಳಸಿ ಮುಗಿದ ಇಂಟ್‌ಗೆ ಸೊನ್ನೆ ಕೊಟ್ಟು ಮೆಮೊರಿ ಉಳಿಸಿದೆ ಎಂದುಕೊಳ್ಳುವವರಿದ್ದಾರೆ. ಅದರಿಂದ ಒಂದು ಬೈಟ್ ಕೂಡ ಉಳಿಯುವುದಿಲ್ಲ.

ಕ್ಲಾಸ್‌ನ ಫೀಲ್ಡ್ ಆಗಿ ಘೋಷಿಸಿದ ಇಂಟ್ ಪ್ರಿಮಿಟಿವ್ ಆಗಿದ್ದರೂ ಹೀಪ್‌ನಲ್ಲೇ ಇರುತ್ತದೆ, ಏಕೆಂದರೆ ಅದು ತನ್ನ ಆಬ್ಜೆಕ್ಟ್‌ನ ಹೊಟ್ಟೆಯೊಳಗಿನ ನಾಲ್ಕು ಬೈಟ್. ಬಾಯಿಪಾಠದ ಸೂತ್ರ ಎಡವುವುದು ಇಲ್ಲೇ. ಆ ಆಬ್ಜೆಕ್ಟ್ ಬದುಕಿರುವವರೆಗೆ ಆ ನಾಲ್ಕು ಬೈಟ್‌ಗಳೂ ಬದುಕಿರುತ್ತವೆ.

ಮೂರನೆಯದು ಪೆಟ್ಟಿಗೆಯೊಳಗಿನ ಸಂಖ್ಯೆ. ಜಾವಾದ ಇಂಟೀಜರ್, ಕೋಟ್ಲಿನ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಚ್ಚಿದ, ಅಂದರೆ ನಲ್ (ಖಾಲಿ) ಕೂಡ ಆಗಬಹುದಾದ ಇಂಟ್, ಲಿಸ್ಟ್ ಅಥವಾ ಮ್ಯಾಪ್‌ನೊಳಗೆ ಹಾಕಿದ ಯಾವುದೇ ಇಂಟ್, ಇವೆಲ್ಲ ಸ್ವತಂತ್ರ ಆಬ್ಜೆಕ್ಟ್‌ಗಳಾಗುತ್ತವೆ. ಈ ಕೆಲಸಕ್ಕೆ ಬಾಕ್ಸಿಂಗ್ ಎನ್ನುತ್ತಾರೆ. 2004ರ ಜಾವಾ 5ರಿಂದ ಕಂಪೈಲರ್ ಇದನ್ನು ನಮಗೆ ಕಾಣದಂತೆ ತಾನೇ ಮಾಡುತ್ತದೆ, ಕೋಟ್ಲಿನ್‌ನಲ್ಲಂತೂ ಬಿಡಿ ಇಂಟ್‌ಗೂ ಪೆಟ್ಟಿಗೆಯ ಇಂಟ್‌ಗೂ ಹೆಸರೇ ಒಂದು. ಅಂಗಡಿಯ ವಹಿಯಲ್ಲಿ ಚೀಲದ ತೂಕವನ್ನು ನೇರವಾಗಿ ಬರೆಯುವುದಕ್ಕೂ, ತೂಕದ ಜಾಗದಲ್ಲಿ ‘ಗೋದಾಮಿನ ಇಂತಿಂಥ ಚೀಟಿ ನೋಡಿ’ ಎಂದು ಬರೆದು ಆ ಒಂದು ಅಂಕಿಗಾಗಿ ಬೇರೆಯೇ ಚೀಟಿ ಇಡುವುದಕ್ಕೂ ಇರುವ ವ್ಯತ್ಯಾಸ ಇದೇ.

ಲ್ಯಾಂಬ್ಡಾಗಳೂ (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳು) ಇಂಥ ಪೆಟ್ಟಿಗೆ ಮಾಡುತ್ತವೆ. ಕೋಟ್ಲಿನ್‌ನಲ್ಲಿ ಫಂಕ್ಷನ್‌ನೊಳಗಿನ ವಾರ್ (ಬದಲಿಸಬಹುದಾದ ವೇರಿಯಬಲ್) ಒಂದನ್ನು ಸಾಮಾನ್ಯ ಲ್ಯಾಂಬ್ಡಾದೊಳಗಿಂದ ಬದಲಿಸಿದರೆ, ಆ ಸಂಖ್ಯೆಯನ್ನು ಹಿಡಿದಿಡಲು ಕಂಪೈಲರ್ ಹೀಪ್‌ನಲ್ಲಿ ಒಂದು ಪುಟ್ಟ ಆಬ್ಜೆಕ್ಟ್ ಹುಟ್ಟಿಸುತ್ತದೆ. ಫಾರ್‌ಈಚ್‌ನಂಥ ಇನ್‌ಲೈನ್ ಫಂಕ್ಷನ್‌ಗಳಲ್ಲಿ ಹಾಗಾಗುವುದಿಲ್ಲ, ಅವುಗಳ ಕೋಡ್ ಕರೆದ ಜಾಗಕ್ಕೇ ಸೇರಿಬಿಡುತ್ತದೆ.

ಹೆಜ್ಜೆ 2: ಬೈಟ್‌ಗಳನ್ನು ಕಾಗದದ ಮೇಲೆ ಎಣಿಸಿ

ಉಪಕರಣಗಳನ್ನು ತೆರೆಯುವ ಮೊದಲು ಕೈಯಲ್ಲೇ ಒಂದು ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಗೊತ್ತಿಲ್ಲದವರಿಗೆ ಮೆಮೊರಿ ಬಳಕೆ ಅಳೆಯುವ ಪ್ರೊಫೈಲರ್‌ನ ಪರದೆ ಬರೀ ಗೊಂದಲ. ಇಂಟ್ ಮತ್ತು ಫ್ಲೋಟ್‌ಗೆ 4 ಬೈಟ್, ಲಾಂಗ್ ಮತ್ತು ಡಬಲ್‌ಗೆ 8, ಶಾರ್ಟ್ ಮತ್ತು ಚಾರ್‌ಗೆ 2, ಬೈಟ್‌ಗೆ 1. ಇದು ಭಾಷೆಯ ನಿಯಮ. ಆಬ್ಜೆಕ್ಟ್‌ನ ಗಾತ್ರ ಮಾತ್ರ ಅದನ್ನು ನಡೆಸುವ ವ್ಯವಸ್ಥೆಯನ್ನು ಅವಲಂಬಿಸಿದೆ. ಆಂಡ್ರಾಯ್ಡ್ 5.0ರಿಂದ ಡಾಲ್ವಿಕ್‌ನ ಜಾಗಕ್ಕೆ ಬಂದ ಆರ್ಟ್ ಎಂಬ ರನ್‌ಟೈಮ್‌ನಲ್ಲಿ ಪ್ರತಿ ಆಬ್ಜೆಕ್ಟ್‌ನ ತಲೆಗೆ 8 ಬೈಟ್‌ಗಳ ಹೆಡರ್ ಇರುತ್ತದೆ: ನಾಲ್ಕು ಬೈಟ್ ಅದು ಯಾವ ಕ್ಲಾಸ್ ಎಂಬುದಕ್ಕೆ, ಇನ್ನು ನಾಲ್ಕು ಲಾಕ್ ಮೊದಲಾದವುಗಳಿಗೆ. ಒಂದು ಆಬ್ಜೆಕ್ಟ್‌ಗೆ ತೋರಿಸುವ ರೆಫರೆನ್ಸ್ 4 ಬೈಟ್. ಒಟ್ಟು ಗಾತ್ರ ಎಂಟರ ಗುಣಕಕ್ಕೆ ಏರುತ್ತದೆ.

ಈಗ ಇಂಟೀಜರ್ ಆಬ್ಜೆಕ್ಟ್ ನೋಡಿ. ಹೆಡರ್ 8, ಒಳಗಿನ ಸಂಖ್ಯೆ 4, ಒಟ್ಟು 12. ಎಂಟರ ಗುಣಕಕ್ಕೆ ಏರಿಸಿದರೆ 16. ಅದಕ್ಕೆ ತೋರಿಸುವ ರೆಫರೆನ್ಸ್‌ಗೆ ಮತ್ತೆ 4. ನಾಲ್ಕು ಬೈಟ್‌ನ ತೂಕಕ್ಕೆ ಇಪ್ಪತ್ತು ಬೈಟ್ ತೆತ್ತಂತಾಯಿತು.

ನಮ್ಮ ಚೀಲದ ನಮೂದಿನಲ್ಲಿ ನಾಲ್ಕು ಫೀಲ್ಡ್‌ಗಳಿವೆ. ಕ್ರಮಸಂಖ್ಯೆ ಲಾಂಗ್, ಊರಿನ ಸಂಖ್ಯೆ ಇಂಟ್, ಗ್ರಾಂಗಳಲ್ಲಿ ತೂಕ ಇಂಟ್, ತೇವಾಂಶ ಫ್ಲೋಟ್. ಇವೆಲ್ಲ ಪ್ರಿಮಿಟಿವ್ ಆಗಿದ್ದರೆ ಹೆಡರ್‌ನ 8, ಫೀಲ್ಡ್‌ಗಳ 20, ಒಟ್ಟು 28, ಏರಿಸಿದಾಗ 32 ಬೈಟ್. ಇದೇ ನಾಲ್ಕಕ್ಕೂ ‘ಇರಲಿ ಬಿಡಿ’ ಎಂದು ಪ್ರಶ್ನಾರ್ಥಕ ಚಿಹ್ನೆ ಹಚ್ಚಿದಿರೋ, ನಮೂದಿನೊಳಗೆ ನಾಲ್ಕು ರೆಫರೆನ್ಸ್‌ಗಳು ಮಾತ್ರ ಉಳಿದು ಅದು 24 ಬೈಟ್‌ಗೆ ಇಳಿಯುತ್ತದೆ, ಹೊರಗೆ ತಲಾ 16 ಬೈಟ್‌ನ ನಾಲ್ಕು ಆಬ್ಜೆಕ್ಟ್‌ಗಳು ಹುಟ್ಟುತ್ತವೆ. ಒಟ್ಟು 88. ಲಕ್ಷ ಚೀಲಕ್ಕೆ 32 ಲಕ್ಷ ಬೈಟ್ ಎಲ್ಲಿ, 88 ಲಕ್ಷ ಎಲ್ಲಿ! ಬೈಟ್‌ಗಳಿಗಿಂತಲೂ ಎಣಿಕೆ ಕೆಡುಕಿನದು: ಒಂದು ಲಕ್ಷ ಆಬ್ಜೆಕ್ಟ್‌ಗಳ ಜಾಗದಲ್ಲಿ ಐದು ಲಕ್ಷ ಆಬ್ಜೆಕ್ಟ್‌ಗಳನ್ನು ಗಾರ್ಬೇಜ್ ಕಲೆಕ್ಟರ್ ಒಂದೊಂದಾಗಿ ಹಿಂಬಾಲಿಸಬೇಕಾಗುತ್ತದೆ.

ಒಂದು ವಿನಾಯಿತಿ ಇದೆ. −128ರಿಂದ 127ರವರೆಗಿನ ಇಂಟೀಜರ್‌ಗಳನ್ನು ವ್ಯವಸ್ಥೆ ಮೊದಲೇ ಮಾಡಿಟ್ಟುಕೊಂಡು ಎಲ್ಲರಿಗೂ ಅದನ್ನೇ ಹಂಚುತ್ತದೆ. ಊರಿನ ಸಂಖ್ಯೆ ಆ ಮಿತಿಯೊಳಗಿದ್ದರೆ ಹೊಸ ಆಬ್ಜೆಕ್ಟ್ ಹುಟ್ಟದು. 75,250 ಗ್ರಾಂನಂಥ ತೂಕಕ್ಕೆ ಈ ಸೌಲಭ್ಯ ಇಲ್ಲ, ಫ್ಲೋಟ್‌ಗೆ ಯಾವ ಮಿತಿಯಲ್ಲೂ ಇಲ್ಲ.

ಹೆಜ್ಜೆ 3: ತುಂಬುವ ಪಾತ್ರೆಯನ್ನು ಆರಿಸಿ

ಸಾವಿರಾರು ಸಂಖ್ಯೆಗಳನ್ನು ಒಟ್ಟಿಗೆ ಇಡುವಲ್ಲಿ ಕೋಟ್ಲಿನ್‌ನ ಇಂಟ್‌ಅರೇ, ಲಾಂಗ್‌ಅರೇ, ಫ್ಲೋಟ್‌ಅರೇಗಳನ್ನು ಬಳಸಿ. ಲಕ್ಷ ತೂಕಗಳಿಗೆ ಇಂಟ್‌ಅರೇ ಹಿಡಿಯುವುದು ನಾಲ್ಕು ಲಕ್ಷ ಬೈಟ್ ಮತ್ತು ಒಂದು ಸಣ್ಣ ಹೆಡರ್. ಅದೇ ತೂಕಗಳು ಇಂಟ್‌ಗಳ ಲಿಸ್ಟ್‌ನಲ್ಲಿದ್ದರೆ ರೆಫರೆನ್ಸ್‌ಗಳಿಗೇ ನಾಲ್ಕು ಲಕ್ಷ, ಪೆಟ್ಟಿಗೆಗಳಿಗೆ ಹದಿನಾರು ಲಕ್ಷ; ಅರೇಲಿಸ್ಟ್ ಬೆಳೆಯುವಾಗ ಒಂದೂವರೆ ಪಟ್ಟು ದೊಡ್ಡ ಹೊಸ ಜಾಗ ಪಡೆದು ಹಳೆಯದನ್ನು ನಕಲು ಮಾಡುವುದರಿಂದ ಆ ಕ್ಷಣಕ್ಕೆ ಎರಡೂ ಮೆಮೊರಿಯಲ್ಲಿರುತ್ತವೆ. ಇಂಟ್‌ಗಳ ಅರೇ ಎಂದು ಜೆನೆರಿಕ್ ರೂಪದಲ್ಲಿ ಬರೆದರೂ ಒಳಗಿರುವುದು ಪೆಟ್ಟಿಗೆಗಳೇ. ಇಂಟ್‌ಅರೇ ಎಂಬ ಒಂದೇ ಪದದ ಟೈಪ್ ಬೇರೆ, ಇದು ಬೇರೆ.

ಇಂಟ್‌ಅರೇ ತಾನಾಗಿ ಬೆಳೆಯುವುದಿಲ್ಲ ಎಂಬುದು ನಿಜವಾದ ತೊಡಕು. ಆಂಡ್ರಾಯ್ಡ್‌ಎಕ್ಸ್‌ನ ಕಲೆಕ್ಷನ್ ಲೈಬ್ರರಿಯಲ್ಲಿ ಮ್ಯೂಟಬಲ್‌ಇಂಟ್‌ಲಿಸ್ಟ್‌ನಂಥ ಟೈಪ್‌ಗಳು ಇದನ್ನು ಬಗೆಹರಿಸುತ್ತವೆ. ಬಾಕ್ಸಿಂಗ್ ಇಲ್ಲ, ಆ್ಯಡ್ ಮಾಡಿದಂತೆ ಬೆಳೆಯುತ್ತದೆ.

ಮ್ಯಾಪ್‌ನಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ರೈತರ ಖಾತೆ ಸಂಖ್ಯೆಗೆ ಚೀಲಗಳ ಎಣಿಕೆಯನ್ನು ಜೋಡಿಸಲು ಹ್ಯಾಶ್‌ಮ್ಯಾಪ್ ಬಳಸಿದರೆ ಪ್ರತಿ ಜೋಡಿಗೆ 24 ಬೈಟ್‌ನ ಒಂದು ನೋಡ್, ಕೀಗೆ 16, ಮೌಲ್ಯಕ್ಕೆ 16, ಜೊತೆಗೆ ಪಟ್ಟಿಯಲ್ಲಿ ಒಂದು ರೆಫರೆನ್ಸ್. ಸ್ಪಾರ್ಸ್‌ಇಂಟ್‌ಅರೇಯಲ್ಲಿ ಅದೇ ಜೋಡಿಗೆ 8 ಬೈಟ್ ಸಾಕು. ಅದು ಕೀಗಳನ್ನು ಅನುಕ್ರಮವಾಗಿ ಇಟ್ಟುಕೊಂಡು ಬೈನರಿ ಹುಡುಕಾಟ ನಡೆಸುತ್ತದೆ. ನಡುವೆ ಹೊಸದನ್ನು ಸೇರಿಸಬೇಕಾದಾಗ ಉಳಿದವನ್ನು ಸರಿಸಬೇಕು. ಕೆಲವು ನೂರು ರೈತರಿಗೆ ಇದು ಹೇಳಿ ಮಾಡಿಸಿದಂತಿದೆ. ಹತ್ತಾರು ಸಾವಿರಕ್ಕೆ ಆರಿಸಬೇಡಿ.

ಹೆಜ್ಜೆ 4: ‘ಮೌಲ್ಯ ಇಲ್ಲ’ ಎಂಬುದನ್ನು ಹೇಗೆ ಹೇಳುತ್ತೀರಿ?

ತೇವಾಂಶ ಅಳೆಯುವ ಯಂತ್ರ ಕೆಲವು ದಿನ ಕೆಟ್ಟಿರುತ್ತದೆ, ಆಗ ಆ ಫೀಲ್ಡ್ ಖಾಲಿ. ಫ್ಲೋಟ್‌ಗೆ ಪ್ರಶ್ನಾರ್ಥಕ ಚಿಹ್ನೆ ಹಚ್ಚಿದರೆ ಅರ್ಥ ಸ್ಪಷ್ಟ, ಆದರೆ ಖಾಲಿ ಇಲ್ಲದ ನಮೂದುಗಳಿಗೆಲ್ಲ ಪೆಟ್ಟಿಗೆಯ ದಂಡ ಬೀಳುತ್ತದೆ. ಫ್ಲೋಟ್‌ನಲ್ಲಿ ‘ಸಂಖ್ಯೆಯಲ್ಲ’ ಎಂಬ ನ್ಯಾನ್ ಮೌಲ್ಯ ಮೊದಲೇ ಇದೆ, ಅದನ್ನೇ ಬಳಸಬಹುದು. ಆದರೆ ನ್ಯಾನ್ ತನಗೆ ತಾನೇ ಸಮವಲ್ಲ ಎಂಬುದು ನೆನಪಿರಲಿ, ಪರೀಕ್ಷಿಸಲು ಈಸ್‌ನ್ಯಾನ್ ಕರೆಯಬೇಕು. ಇಂಟ್‌ಗೆ ಅಂಥ ಸಿದ್ಧ ಮೌಲ್ಯ ಇಲ್ಲದ್ದರಿಂದ −1ರಂಥ ಒಂದನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ಒಂದು ಪರದೆಯಲ್ಲಿ ಕಾಣುವ ನಾಲ್ಕಾರು ಮೌಲ್ಯಗಳಿಗೆ ಈ ಕಸರತ್ತು ಬೇಡ ಎನ್ನುವುದು ನನ್ನ ಅಭಿಪ್ರಾಯ, ಅಲ್ಲಿ ನಲ್ ಕೊಡುವ ಸುರಕ್ಷತೆಯೇ ಮೇಲು. ಲಕ್ಷದ ಲೆಕ್ಕದ ನಮೂದುಗಳಿಗೆ ಮಾತ್ರ ಇದನ್ನು ಮಾಡಿ, ಮಾಡಿದ ಕಡೆ ಒಂದು ಸಾಲಿನ ಟಿಪ್ಪಣಿ ಬರೆದಿಡಿ.

ಡೇಟಾಬೇಸ್‌ನಿಂದ ಓದುವಾಗ ಇನ್ನೊಂದು ಎಚ್ಚರ ಬೇಕು. ಸಾಲುಗಳನ್ನು ಒಂದೊಂದಾಗಿ ಓದಿಕೊಡುವ ಕರ್ಸರ್‌ನ ಗೆಟ್‌ಇಂಟ್ ಕರೆಗೆ ಕಾಲಂ ನಲ್ ಆಗಿದ್ದರೂ ಸೊನ್ನೆ ಬರುತ್ತದೆ. ಸೊನ್ನೆ ಗ್ರಾಂ ತೂಗಿದ ಚೀಲವೂ ತೂಗದೇ ಬಿಟ್ಟ ಚೀಲವೂ ಒಂದೇ ಆಗಿಬಿಡುತ್ತವೆ, ಆದ್ದರಿಂದ ಮೊದಲು ಈಸ್‌ನಲ್ ಕೇಳಿ.

ಹೆಜ್ಜೆ 5: ಪ್ರಿಮಿಟಿವ್‌ನ ಅಂಚನ್ನು ಅಳೆಯಿರಿ

ಮೆಮೊರಿ ಉಳಿಸುವ ಉತ್ಸಾಹದಲ್ಲಿ ಎಲ್ಲವನ್ನೂ ಇಂಟ್‌ಗೆ ಇಳಿಸುವವರು ಈ ಹೆಜ್ಜೆಯನ್ನು ಬಿಡಬಾರದು. ಇಂಟ್‌ನ ಗರಿಷ್ಠ ಮೌಲ್ಯ 2,147,483,647. ಒಂದು ಚೀಲದ ತೂಕ ಗ್ರಾಂಗಳಲ್ಲಿ ಇದರ ಹತ್ತಿರಕ್ಕೂ ಬಾರದು. ಮೊತ್ತದ ಕಥೆ ಬೇರೆ: 75 ಕೆ.ಜಿ.ಯ 28,633 ಚೀಲಗಳವರೆಗೆ ಗ್ರಾಂಗಳ ಮೊತ್ತ ಇಂಟ್‌ನಲ್ಲಿ ಹಿಡಿಯುತ್ತದೆ, ಅದರ ಮುಂದಿನ ಚೀಲಕ್ಕೆ ಮೊತ್ತ ಋಣ ಸಂಖ್ಯೆಗೆ ಮಗುಚಿಬೀಳುತ್ತದೆ. ಆ್ಯಪ್ ಕ್ರ್ಯಾಶ್ ಆಗುವುದಿಲ್ಲ, ಎಚ್ಚರಿಕೆ ಬರುವುದಿಲ್ಲ. ಹಣವನ್ನು ಪೈಸೆಗಳಲ್ಲಿ ಇಟ್ಟರೆ ಮಿತಿ ಎರಡು ಕೋಟಿ ಹದಿನಾಲ್ಕು ಲಕ್ಷ ರೂಪಾಯಿ ಚಿಲ್ಲರೆ, ಹಂಗಾಮಿನ ವ್ಯಾಪಾರದಲ್ಲಿ ಅದು ದೊಡ್ಡ ಮೊತ್ತವೇನೂ ಅಲ್ಲ.

ಆದ್ದರಿಂದ ಬಿಡಿ ತೂಕಗಳು ಇಂಟ್‌ನಲ್ಲಿರಲಿ, ಮೊತ್ತ ಲಾಂಗ್‌ನಲ್ಲಿರಲಿ. ಕೋಟ್ಲಿನ್‌ನ ಇಂಟ್‌ಅರೇ ಮೇಲಿನ ಸಮ್ ಕರೆ ಇಂಟ್ ಅನ್ನೇ ಹಿಂದಿರುಗಿಸುತ್ತದೆ. ಬದಲಿಗೆ ಸಮ್‌ಆಫ್ ಬಳಸಿ ಪ್ರತಿಯೊಂದನ್ನು ಲಾಂಗ್‌ಗೆ ಪರಿವರ್ತಿಸಿ ಕೂಡಿಸಿ. ಅದು ಇನ್‌ಲೈನ್ ಆದ್ದರಿಂದ ಪೆಟ್ಟಿಗೆಗಳು ಹುಟ್ಟುವುದಿಲ್ಲ. ತೂಕವನ್ನು ಕಿಲೋಗ್ರಾಂ ಡಬಲ್‌ನಲ್ಲಿ ಇಡುವುದಕ್ಕಿಂತ ಗ್ರಾಂ ಇಂಟ್‌ನಲ್ಲಿ ಇಡುವುದರಿಂದ ಅರ್ಧ ಜಾಗ ಉಳಿಯುತ್ತದೆ, ದಶಮಾಂಶದ ಚೂರುಪಾರು ತಪ್ಪೂ ಬರುವುದಿಲ್ಲ.

ಹೆಜ್ಜೆ 6: ಹೋಲಿಕೆ ಮತ್ತು ನಕಲು

ಜಾವಾದಲ್ಲಿ ಎರಡು ಇಂಟ್‌ಗಳ ನಡುವಿನ == ಚಿಹ್ನೆ ಸಂಖ್ಯೆಗಳನ್ನು ಹೋಲಿಸುತ್ತದೆ; ಎರಡು ಇಂಟೀಜರ್‌ಗಳ ನಡುವಿನ ಅದೇ ಚಿಹ್ನೆ, ಎರಡೂ ಒಂದೇ ಆಬ್ಜೆಕ್ಟೇ ಎಂದು ಕೇಳುತ್ತದೆ. 127ರವರೆಗಿನವು ಹಂಚಿಕೊಂಡ ಆಬ್ಜೆಕ್ಟ್‌ಗಳಾದ್ದರಿಂದ ತಪ್ಪು ಕೋಡ್ ಕೂಡ ಸರಿಯಾದ ಉತ್ತರ ಕೊಡುತ್ತದೆ. ಹೀಗೆ ಬರೆದ ಆ್ಯಪ್‌ನಲ್ಲಿ 127 ಊರುಗಳವರೆಗೆ ಎಲ್ಲವೂ ಸುಸೂತ್ರ. 128ನೆಯ ಊರು ಸೇರಿದ ದಿನ ಆ ಊರಿನ ಚೀಲಗಳು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಜಾವಾದಲ್ಲಿ ಈಕ್ವಲ್ಸ್ ಬಳಸಿ. ಕೋಟ್ಲಿನ್‌ನಲ್ಲಿ == ತಾನೇ ಈಕ್ವಲ್ಸ್ ಕರೆಯುವುದರಿಂದ ಅಲ್ಲಿ ಈ ಅಪಾಯ ಇಲ್ಲ, ಮೂರು ಸಮಚಿಹ್ನೆಗಳ === ಬರೆದರೆ ಮಾತ್ರ ಇದೆ.

ಫಂಕ್ಷನ್‌ಗೆ ಇಂಟ್ ಕೊಟ್ಟಾಗ ಸಂಖ್ಯೆಯೇ ನಕಲಾಗುತ್ತದೆ. ಆಬ್ಜೆಕ್ಟ್ ಕೊಟ್ಟಾಗ ನಕಲಾಗುವುದು ರೆಫರೆನ್ಸ್ ಮಾತ್ರ, ಆಚೆಗಿರುವ ಆಬ್ಜೆಕ್ಟ್ ಒಂದೇ. ಡೇಟಾ ಕ್ಲಾಸ್‌ನ ಕಾಪಿ ಕರೆ ಕೂಡ ಮೇಲುಪದರವನ್ನಷ್ಟೇ ನಕಲು ಮಾಡುತ್ತದೆ. ಒಬ್ಬ ರೈತರ ಪಟ್ಟಿಯನ್ನು ಕಾಪಿ ಮಾಡಿ ಅದರೊಳಗಿನ ಮ್ಯೂಟಬಲ್ ಲಿಸ್ಟ್‌ಗೆ ಒಂದು ಚೀಲ ಸೇರಿಸಿದರೆ ಮೂಲದ ಪಟ್ಟಿಗೂ ಅದು ಸೇರಿರುತ್ತದೆ.

ಹೆಜ್ಜೆ 7: ಕನ್ನಡದ ಸ್ಟ್ರಿಂಗ್‌ಗಳು

ಸ್ಟ್ರಿಂಗ್ ಎಂಬುದು ಆಬ್ಜೆಕ್ಟ್. ಆರ್ಟ್‌ನಲ್ಲಿ ಅದಕ್ಕೆ 16 ಬೈಟ್‌ಗಳ ಮುನ್ನುಡಿ, ನಂತರ ಅಕ್ಷರಗಳು. ಇತ್ತೀಚಿನ ಆಂಡ್ರಾಯ್ಡ್‌ಗಳಲ್ಲಿ ಬರೀ ಆಸ್ಕಿ ಅಕ್ಷರಗಳಿರುವ ಸ್ಟ್ರಿಂಗ್‌ಗೆ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡಕ್ಕೆ ಪ್ರತಿ ಸಂಕೇತಕ್ಕೂ ಎರಡು ಬೈಟ್ ಬೇಕು. ‘ಗಂಗಾವತಿ’ ಕಣ್ಣಿಗೆ ನಾಲ್ಕು ಅಕ್ಷರ. ಅನುಸ್ವಾರ, ದೀರ್ಘ, ಗುಡಿಸು ಸೇರಿ ಒಳಗೆ ಏಳು ಸಂಕೇತ, 14 ಬೈಟ್, ಮುನ್ನುಡಿ ಸೇರಿ ಏರಿಸಿದಾಗ 32. ಕನ್ನಡ ದುಬಾರಿ ಎಂದು ಊರುಗಳ ಹೆಸರನ್ನು ಇಂಗ್ಲಿಷ್‌ನಲ್ಲಿ ಇಡುವವರಿಗೆ ಒಂದು ಮಾತು: ಇಂಗ್ಲಿಷ್‌ನಲ್ಲಿ ಹತ್ತು ಅಕ್ಷರಗಳಲ್ಲಿ ಬರೆದ ಅದೇ ಊರು ಕೂಡ 26ರಿಂದ ಏರಿ 32 ಬೈಟ್‌ಗೇ ನಿಲ್ಲುತ್ತದೆ.

ದುಬಾರಿಯಾಗುವುದು ಪುನರಾವರ್ತನೆ. ಡೇಟಾಬೇಸ್‌ನ ಲಕ್ಷ ಸಾಲುಗಳಿಂದ ಊರಿನ ಹೆಸರು ಓದಿದರೆ, ಹೆಸರು ಒಂದೇ ಆಗಿದ್ದರೂ ಗೆಟ್‌ಸ್ಟ್ರಿಂಗ್ ಪ್ರತಿ ಸಾಲಿಗೆ ಹೊಸ ಆಬ್ಜೆಕ್ಟ್ ಕೊಡುತ್ತದೆ. ಕಾರಟಗಿ, ಸಿಂಧನೂರು, ಕಂಪ್ಲಿ ಎಂಬ ಹೆಸರುಗಳು ಸಾವಿರಾರು ಸಲ ಹುಟ್ಟುತ್ತವೆ. ನಮೂದಿನಲ್ಲಿ ಊರಿನ ಸಂಖ್ಯೆಯನ್ನಷ್ಟೇ ಇಟ್ಟು, ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಒಮ್ಮೆ ತಂದು, ಪರದೆಗೆ ತೋರಿಸುವಾಗ ಜೋಡಿಸಿ. ಭತ್ತದ ತಳಿಗೂ ಇದೇ ಮಾಡಿ, ಸೋನಾ ಮಸೂರಿ ಎಂದು ಲಕ್ಷ ಸಲ ಬರೆದಿಡುವ ಅಗತ್ಯವಿಲ್ಲ.

ಹೆಜ್ಜೆ 8: ಬಿಡುಗಡೆ ಆಗದ ಆಬ್ಜೆಕ್ಟ್‌ಗಳನ್ನು ಹಿಡಿಯಿರಿ

ಬೇಡವಾದ ಮೆಮೊರಿ ತೆರವಾಗದೆ ಉಳಿಯುವುದಕ್ಕೆ ಲೀಕ್ ಎನ್ನುತ್ತಾರೆ. ಪ್ರಿಮಿಟಿವ್ ಎಂದಿಗೂ ಲೀಕ್ ಮಾಡುವುದಿಲ್ಲ, ಅದು ಏನನ್ನೂ ಹಿಡಿದುಕೊಂಡಿರುವುದಿಲ್ಲ. ಲೀಕ್ ಮಾಡುವುದು ರೆಫರೆನ್ಸ್. ಸ್ಟ್ಯಾಟಿಕ್ ಫೀಲ್ಡ್‌ಗಳು, ನಡೆಯುತ್ತಿರುವ ಥ್ರೆಡ್‌ಗಳು ಮೊದಲಾದ ಬೇರುಗಳಿಂದ ರೆಫರೆನ್ಸ್‌ಗಳ ಜಾಡು ಹಿಡಿದು ತಲುಪಬಹುದಾದ ಯಾವ ಆಬ್ಜೆಕ್ಟ್ ಅನ್ನೂ ಗಾರ್ಬೇಜ್ ಕಲೆಕ್ಟರ್ ತೆಗೆಯುವುದಿಲ್ಲ.

ನಮ್ಮ ಆ್ಯಪ್‌ನಲ್ಲಿ ಇದು ನಡೆಯುವ ಜಾಗ ಬ್ಲೂಟೂತ್ ಕಾಟಾ. ಕಾಟಾದೊಂದಿಗೆ ಮಾತಾಡುವ ಕ್ಲಾಸ್ ಇಡೀ ಆ್ಯಪ್‌ಗೆ ಒಂದೇ ಇರುವ ಸಿಂಗಲ್‌ಟನ್. ತೂಕದ ಪರದೆಯನ್ನು ನಡೆಸುವ ಆಬ್ಜೆಕ್ಟ್ ಆದ ಆ್ಯಕ್ಟಿವಿಟಿ ತೆರೆದಾಗ ‘ತೂಕ ಬದಲಾದರೆ ನನಗೆ ಹೇಳು’ ಎಂದು ಅದರ ಬಳಿ ಲಿಸನರ್ ನೋಂದಾಯಿಸುತ್ತದೆ. ಗುಮಾಸ್ತರು ಫೋನನ್ನು ಅಡ್ಡ ಹಿಡಿದೊಡನೆ ಹಳೆಯ ಆ್ಯಕ್ಟಿವಿಟಿ ಹೋಗಿ ಹೊಸದು ಹುಟ್ಟಬೇಕು. ಹೊಸದೇನೋ ಹುಟ್ಟುತ್ತದೆ, ಹಳೆಯದು ಹೋಗುವುದಿಲ್ಲ, ಏಕೆಂದರೆ ಸಿಂಗಲ್‌ಟನ್‌ನ ಲಿಸ್ಟ್‌ನಲ್ಲಿ ಅದಕ್ಕೆ ತೋರಿಸುವ ನಾಲ್ಕು ಬೈಟ್‌ನ ರೆಫರೆನ್ಸ್ ಉಳಿದಿದೆ. ಆ ನಾಲ್ಕು ಬೈಟ್‌ಗೆ ಇಡೀ ಪರದೆ, ಅದರ ಬಟನ್‌ಗಳು, ಚಿತ್ರಗಳು, ಲಕ್ಷ ನಮೂದಿನ ಪಟ್ಟಿ ಎಲ್ಲವೂ ಜೋತುಬಿದ್ದಿರುತ್ತವೆ. ಆನ್‌ಸ್ಟಾರ್ಟ್‌ನಲ್ಲಿ ನೋಂದಾಯಿಸಿದ್ದನ್ನು ಆನ್‌ಸ್ಟಾಪ್‌ನಲ್ಲಿ ತೆಗೆಯಿರಿ. ಸಿಂಗಲ್‌ಟನ್‌ಗೆ ಕಾಂಟೆಕ್ಸ್ಟ್ (ಆ್ಯಪ್‌ನ ಸೌಲಭ್ಯಗಳನ್ನು ತಲುಪಿಸುವ ಆಬ್ಜೆಕ್ಟ್) ಬೇಕೇಬೇಕಿದ್ದರೆ ಆ್ಯಕ್ಟಿವಿಟಿಯನ್ನಲ್ಲ, ಅಪ್ಲಿಕೇಶನ್ ಕಾಂಟೆಕ್ಸ್ಟ್ ಕೊಡಿ.

ತೂಕದ ಚೀಟಿಯ ಫೋಟೊ ತೆಗೆಯುವ ಸೌಲಭ್ಯ ಇದ್ದರೆ ಇನ್ನೊಂದು ಲೆಕ್ಕ ಇದೆ. 4000 × 3000 ಪಿಕ್ಸೆಲ್‌ನ ಫೋಟೊ ಫೈಲ್‌ನಲ್ಲಿ ಎಷ್ಟೇ ಚಿಕ್ಕದಿರಲಿ, ಬಿಟ್‌ಮ್ಯಾಪ್ ಆಗಿ ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 4 ಕೋಟಿ 80 ಲಕ್ಷ ಬೈಟ್. ಲಕ್ಷ ಚೀಲಗಳ ಎಲ್ಲ ನಮೂದಿಗಿಂತ ಒಂದು ಫೋಟೊ ದೊಡ್ಡದು! ಇನ್‌ಸ್ಯಾಂಪಲ್‌ಸೈಜ್‌ಗೆ 4 ಕೊಟ್ಟು ಬಿಚ್ಚಿದರೆ 1000 × 750 ಆಗಿ 30 ಲಕ್ಷಕ್ಕೆ ಇಳಿಯುತ್ತದೆ, ಚೀಟಿಯ ಅಂಕಿ ಓದಲು ಅಷ್ಟು ಸಾಮಾನ್ಯವಾಗಿ ಸಾಕು. ಆಂಡ್ರಾಯ್ಡ್ 8.0ರಿಂದ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲಿಲ್ಲ, ನೇಟಿವ್ ಹೀಪ್‌ನಲ್ಲಿವೆ. ಆದ್ದರಿಂದ ಜಾವಾ ಹೀಪ್‌ನ ಅಂಕಿ ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಐಫೋನ್‌ಗೆ ಬರೆಯುವವರಿಗೆ

ಸ್ವಿಫ್ಟ್‌ನಲ್ಲಿ ಇಂಟ್ ಒಂದು ಸ್ಟ್ರಕ್ಟ್, ಅಂದರೆ ಮೌಲ್ಯ ಟೈಪ್. ಅರೇಯಲ್ಲಿ ಹಾಕಿದರೂ ಪೆಟ್ಟಿಗೆಯಾಗದೆ 8 ಬೈಟ್‌ನಂತೆ ಸಾಲಾಗಿ ಕೂರುತ್ತದೆ. ಆಪ್ಷನಲ್ ಇಂಟ್ ಕೂಡ ಹೀಪ್‌ಗೆ ಹೋಗುವುದಿಲ್ಲ, ಆದರೆ ಗಾತ್ರ 9 ಬೈಟ್ ಆಗಿ, ಅರೇಯಲ್ಲಿ ಒಂದೊಂದಕ್ಕೆ 16 ಬೈಟ್ ಹಿಡಿಯುತ್ತದೆ. ಆಬ್ಜೆಕ್ಟಿವ್-ಸಿಯ ಎನ್‌ಎಸ್‌ಅರೇ ಆಬ್ಜೆಕ್ಟ್‌ಗಳನ್ನಷ್ಟೇ ಹಿಡಿಯುವುದರಿಂದ ಅಲ್ಲಿ ಸಂಖ್ಯೆಯನ್ನು ಎನ್‌ಎಸ್‌ನಂಬರ್‌ಗೆ ಹಾಕಬೇಕು.

ಬಿಡುಗಡೆಯ ಪದ್ಧತಿಯೂ ಬೇರೆ. 2011ರಲ್ಲಿ ಬಂದ ಎಆರ್‌ಸಿ (ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ಪ್ರತಿ ಆಬ್ಜೆಕ್ಟ್‌ಗೆ ಎಷ್ಟು ರೆಫರೆನ್ಸ್‌ಗಳಿವೆ ಎಂದು ಎಣಿಸಿ, ಸೊನ್ನೆಯಾದ ಕ್ಷಣವೇ ತೆಗೆಯುತ್ತದೆ. ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದುಕೊಂಡರೆ ಎಣಿಕೆ ಎಂದೂ ಸೊನ್ನೆಗೆ ಇಳಿಯದು. ಆಂಡ್ರಾಯ್ಡ್‌ನ ಗಾರ್ಬೇಜ್ ಕಲೆಕ್ಟರ್ ಇಂಥ ಸುತ್ತನ್ನು ತಾನೇ ಪತ್ತೆಹಚ್ಚುತ್ತದೆ, ಐಫೋನ್‌ನಲ್ಲಿ ಒಂದು ಬದಿಯನ್ನು ವೀಕ್ (ಎಣಿಕೆಗೆ ಸೇರದ ರೆಫರೆನ್ಸ್) ಎಂದು ಗುರುತಿಸುವುದು ಬರೆಯುವವರ ಹೊಣೆ. ಸ್ವಿಫ್ಟ್‌ನ ಲ್ಯಾಂಬ್ಡಾ ಆದ ಕ್ಲೋಷರ್‌ನೊಳಗೆ ಸೆಲ್ಫ್ (ಆ ಆಬ್ಜೆಕ್ಟ್ ತಾನೇ) ಬಳಸಿ ಆ ಕ್ಲೋಷರ್ ಅನ್ನು ಸೆಲ್ಫ್‌ನಲ್ಲೇ ಸಂಗ್ರಹಿಸಿಡುವ ಕಡೆಗಳನ್ನು ಮೊದಲು ತಡಕಿ.

ಹೆಜ್ಜೆ 9: ಅಳೆದು ನಂತರ ಬದಲಿಸಿ

ಆಂಡ್ರಾಯ್ಡ್ ಸ್ಟುಡಿಯೊದ ಪ್ರೊಫೈಲರ್‌ನಲ್ಲಿ ಹೀಪ್ ಡಂಪ್ (ಹೀಪ್‌ನಲ್ಲಿ ಆ ಕ್ಷಣ ಇರುವುದರ ಪೂರ್ಣ ಪಟ್ಟಿ) ತೆಗೆದು, ಕ್ಲಾಸ್‌ಗಳನ್ನು ಎಣಿಕೆಯ ಮೇಲೆ ಜೋಡಿಸಿ ಇಂಟೀಜರ್, ಲಾಂಗ್, ಫ್ಲೋಟ್‌ಗಳ ಸಾಲು ಹುಡುಕಿ. ಅಲ್ಲಿ ಲಕ್ಷಗಟ್ಟಲೆ ಆಬ್ಜೆಕ್ಟ್‌ಗಳು ಕಂಡರೆ ಮೂರು ಮತ್ತು ನಾಲ್ಕನೆಯ ಹೆಜ್ಜೆಗಳಿಗೆ ಹಿಂದಿರುಗಿ. ಶ್ಯಾಲೊ ಸೈಜ್ ಎಂದರೆ ಆಬ್ಜೆಕ್ಟ್‌ನ ಸ್ವಂತ ಗಾತ್ರ, ರಿಟೇನ್ಡ್ ಸೈಜ್ ಎಂದರೆ ಅದು ಹೋದರೆ ಜೊತೆಗೆ ಹೋಗುವುದೆಲ್ಲದರ ಗಾತ್ರ. ಲೀಕ್ ಹುಡುಕುವಾಗ ಎರಡನೆಯದನ್ನೇ ನೋಡಬೇಕು.

ಇಷ್ಟೂ ಬೇಡ ಎನ್ನುವವರು ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕೊಡುವ ಉಪಕರಣ) ಮೂಲಕ ಡಂಪ್‌ಸಿಸ್ ಮೆಮ್‌ಇನ್‌ಫೊ ಕಮಾಂಡ್ ಅನ್ನು ಆ್ಯಪ್‌ನ ಪ್ಯಾಕೇಜ್ ಹೆಸರಿನೊಂದಿಗೆ ಕೊಡಬಹುದು. ಜಾವಾ ಹೀಪ್, ನೇಟಿವ್ ಹೀಪ್‌ಗಳ ಅಂಕಿಗಳ ಕೆಳಗೆ ಆಬ್ಜೆಕ್ಟ್‌ಗಳ ವಿಭಾಗದಲ್ಲಿ ಆ್ಯಕ್ಟಿವಿಟಿಗಳ ಸಂಖ್ಯೆ ಇರುತ್ತದೆ. ತೂಕದ ಪರದೆ ತೆರೆದು, ಫೋನನ್ನು ಹಲವು ಸಲ ಅಡ್ಡ–ಉದ್ದ ತಿರುಗಿಸಿ, ಹಿಂದೆ ಬಂದು, ಗಾರ್ಬೇಜ್ ಕಲೆಕ್ಷನ್ ನಡೆಸಿದ ಮೇಲೂ ಆ ಸಂಖ್ಯೆ ಇಳಿಯದಿದ್ದರೆ ಕಾಟಾದ ಲಿಸನರ್ ಇನ್ನೂ ಕೈಬಿಟ್ಟಿಲ್ಲ ಎಂದೇ ಅರ್ಥ. ಪರೀಕ್ಷೆಗೆ ಹತ್ತು ಚೀಲಗಳ ಮಾದರಿ ದತ್ತಾಂಶ ಸಾಲದು. ಲಕ್ಷ ನಮೂದುಗಳನ್ನು ತುಂಬಿ, ಬಳಸುವವರ ಕೈಯಲ್ಲಿರುವಷ್ಟೇ ಸಾಧಾರಣ ಫೋನಿನಲ್ಲಿ ಓಡಿಸಿ.

ಅಳತೆಯಲ್ಲಿ ತೊಂದರೆ ಕಾಣದ ಕಡೆ ಕೈ ಹಾಕಬೇಡಿ. ಸೆಟ್ಟಿಂಗ್ಸ್ ಪರದೆಯ ಇಪ್ಪತ್ತು ಇಂಟ್‌ಗಳ ಲಿಸ್ಟ್ ಅನ್ನು ಇಂಟ್‌ಅರೇ ಮಾಡಿದರೆ ಉಳಿಯುವುದು ಕೆಲವು ನೂರು ಬೈಟ್. ಹುಟ್ಟಿದೊಡನೆ ಸಾಯುವ ಆಬ್ಜೆಕ್ಟ್‌ಗಳನ್ನು ಈಗಿನ ಆರ್ಟ್ ಅಗ್ಗದಲ್ಲಿ ವಿಲೇವಾರಿ ಮಾಡುತ್ತದೆ. ಪರದೆಯನ್ನು ಚಿತ್ರಿಸುವ ಆನ್‌ಡ್ರಾ ಒಳಗೆ ಹಾಗೂ ಪಟ್ಟಿ ಸರಿಸುವಾಗ ಪ್ರತಿ ಸಾಲಿಗೆ ಓಡುವ ಕೋಡ್‌ನಲ್ಲಿ ಮಾತ್ರ ಬಿಗಿಯಾಗಿರಿ, ಏಕೆಂದರೆ ಸೆಕೆಂಡಿಗೆ 60 ಫ್ರೇಮ್‌ನ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ. ಬಣ್ಣದ ಪೇಂಟ್ ಆಬ್ಜೆಕ್ಟ್, ಅಂಕಿ ಫಾರ್ಮ್ಯಾಟರ್‌ಗಳನ್ನು ಅಲ್ಲಿ ಹುಟ್ಟಿಸದೆ ಮೊದಲೇ ಮಾಡಿಟ್ಟುಕೊಂಡು ಮತ್ತೆ ಮತ್ತೆ ಬಳಸಿ.